ಕಣ್ಣಿನ ಚಿತ್ರಣಕ್ಕೆ ಅಲ್ಟ್ರಾಸೌಂಡ್ ಟ್ರಾನ್ಸ್‌ಡ್ಯೂಸರ್: ವಿನ್ಯಾಸ, ಹಂತ ಹಂತವಾಗಿ

ವಿದ್ಯುತ್ತನ್ನು ಧ್ವನಿಯಾಗಿಸಿ, ಮರಳಿದ ಪ್ರತಿಧ್ವನಿಯನ್ನು ಮತ್ತೆ ವಿದ್ಯುತ್ತಾಗಿಸುವ ಸಾಧನವೇ ಟ್ರಾನ್ಸ್‌ಡ್ಯೂಸರ್. ಕಣ್ಣಿಗೆಂದು ಅದರ ವಿನ್ಯಾಸ ಮಾಡಲು ಕುಳಿತವರು ಸಾಮಾನ್ಯವಾಗಿ ಮೊದಲು ಬರೆದಿಡುವುದು ಆವರ್ತನವನ್ನು. ಹಾಳೆಯ ತಲೆಯಲ್ಲಿ 50 ಮೆಗಾಹರ್ಟ್ಸ್ ಎಂದು ಬರೆದು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೊರಡುತ್ತಾರೆ. ಆವರ್ತನ ಏರಿದಷ್ಟೂ ಚಿತ್ರ ನವಿರಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ವಿನ್ಯಾಸವನ್ನು ನಿಜಕ್ಕೂ ಕಟ್ಟಿಹಾಕುವ ಅಂಕಿ ಬೇರೆ: ಟ್ರಾನ್ಸ್‌ಡ್ಯೂಸರ್ ಮುಖದ ವ್ಯಾಸ. ಕಿರಣ ಎಷ್ಟು ತೆಳ್ಳಗಿರಬೇಕು, ಎಷ್ಟು ಆಳದವರೆಗೆ ತೆಳ್ಳಗೇ ಉಳಿಯಬೇಕು, ಯಾವ ಸ್ಫಟಿಕ ಬೇಕು, ಅದು ವಿದ್ಯುನ್ಮಂಡಲದೊಂದಿಗೆ ಹೊಂದಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತವೆ. ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ಲೆಕ್ಕ ಹಾಕೋಣ: ಕಣ್ಣಿನ ಮುಂಭಾಗವನ್ನು ನೋಡುವ, ಒಂದೇ ಪೀಜೋ ತುಣುಕಿನ (ವಿದ್ಯುತ್ ಕೊಟ್ಟರೆ ಕಂಪಿಸುವ ವಸ್ತುವಿನ) ಟ್ರಾನ್ಸ್‌ಡ್ಯೂಸರ್. ಎಷ್ಟು ಮೆಗಾಹರ್ಟ್ಸ್ ಎಂಬುದು ಲೆಕ್ಕದ ನಡುವೆ ತಾನಾಗಿ ಹೊರಬೀಳುತ್ತದೆ.

ಹಂತ 1: ಏನನ್ನು ನೋಡಬೇಕು, ಎಷ್ಟು ಆಳದಲ್ಲಿ

ವಯಸ್ಕರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಮುಂದಿನಿಂದ ಹೊರಟರೆ ಕಾರ್ನಿಯಾ ಅರ್ಧ ಮಿಲಿಮೀಟರ್, ಅದರ ಹಿಂದಿನ ದ್ರವದ ಕೋಣೆ ಸುಮಾರು 3, ಮಸೂರ ಸುಮಾರು 4 ಮಿಲಿಮೀಟರ್. ಕಾರ್ನಿಯಾದ ಚಿತ್ರ ಮಾತ್ರ ಸಾಕೆಂದಾದರೆ ಅಲ್ಟ್ರಾಸೌಂಡಿನ ಸಹವಾಸವೇ ಬೇಡ. ಬೆಳಕನ್ನು ಬಳಸುವ ಒಸಿಟಿ ಅದಕ್ಕಿಂತ ಎಷ್ಟೋ ಸ್ಪಷ್ಟವಾದ ಚಿತ್ರ ಕೊಡುತ್ತದೆ. ಆದರೆ ಬೆಳಕು ಕಣ್ಣಿನ ಬಣ್ಣದ ಪರದೆಯಾದ ಐರಿಸ್‌ನ ಹಿಂಬದಿಯ ವರ್ಣದ್ರವ್ಯದ ಪದರದಲ್ಲಿ ನಿಂತುಬಿಡುತ್ತದೆ. ಅದರ ಹಿಂದೆ ಅಡಗಿರುವ ಸಿಲಿಯರಿ ಬಾಡಿ (ಮಸೂರವನ್ನು ಹಿಡಿದಿರುವ ಭಾಗ), ಅಲ್ಲಿನ ಗಂಟು ಮತ್ತು ನೀರುಗುಳ್ಳೆಗಳು, ಐರಿಸ್‌ಅನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ ದ್ರವದ ಹಾದಿಯನ್ನು ಮುಚ್ಚುವ ಬಗೆಯ ಗ್ಲಾಕೋಮಾ, ಇವು ಧ್ವನಿಗೆ ಮಾತ್ರ ಕಾಣುತ್ತವೆ. 1990ರ ದಶಕದ ಆರಂಭದಲ್ಲಿ ಟೊರಾಂಟೊದಲ್ಲಿ ಚಾರ್ಲ್ಸ್ ಪಾವ್ಲಿನ್ ಮತ್ತು ಸ್ಟುವರ್ಟ್ ಫಾಸ್ಟರ್ ರೂಪಿಸಿದ ಅಲ್ಟ್ರಾಸೌಂಡ್ ಬಯೋಮೈಕ್ರೋಸ್ಕೋಪ್ ಇಂದಿಗೂ ಬಳಕೆಯಲ್ಲಿ ಉಳಿದಿರುವುದಕ್ಕೆ ಕಾರಣ ಇದೇ.

ಆದ್ದರಿಂದ ನಮ್ಮ ಗುರಿ ಹೀಗೆ: ಕಾರ್ನಿಯಾದ ಮೇಲ್ಮೈಯಿಂದ 5-6 ಮಿಲಿಮೀಟರ್ ಆಳದವರೆಗೆ ಕಾಣಬೇಕು; 3 ಮಿಲಿಮೀಟರಿನ ಆಸುಪಾಸಿನಲ್ಲಿ ಅತ್ಯಂತ ಸ್ಪಷ್ಟವಾಗಿರಬೇಕು; ವಿವರಗಳು 100 ಮೈಕ್ರಾನ್ ಆಸುಪಾಸಿನಲ್ಲಿ ಬಿಡಿಸಿ ಕಾಣಬೇಕು.

ಕಣ್ಣಿನ ಹಿಂಭಾಗದ ರೆಟಿನಾ ನೋಡಬೇಕೆಂದರೆ ಅದು ಬೇರೆಯೇ ಉಪಕರಣ. ಒಂದೇ ತುಣುಕಿನಲ್ಲಿ ಎರಡನ್ನೂ ಸಾಧಿಸುವ ಆಸೆ ಬಿಡುವುದು ಒಳ್ಳೆಯದು. 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 24 ಮಿಲಿಮೀಟರ್ ಹೋಗಿ ಹಿಂತಿರುಗುವಷ್ಟರಲ್ಲಿ 20 ಮೆಗಾಹರ್ಟ್ಸ್ ಧ್ವನಿ ಸುಮಾರು 4 ಡೆಸಿಬಲ್ ಕಳೆದುಕೊಳ್ಳುತ್ತದೆ, 50 ಮೆಗಾಹರ್ಟ್ಸ್ ಧ್ವನಿ 26 ಡೆಸಿಬಲ್. ಬರಿಯ ನೀರಿನಲ್ಲೇ ಇಷ್ಟು. ಹಾಗಾಗಿ ಹಿಂಭಾಗಕ್ಕೆ 10 ಮೆಗಾಹರ್ಟ್ಸ್ ರೂಢಿಯಲ್ಲಿದ್ದು, 20-25ರವರೆಗೆ ಏರಬಹುದು. ಧ್ವನಿಯನ್ನು ಮಸೂರದ ಮೂಲಕ ಕಳಿಸದೆ ಪಕ್ಕದ ಬಿಳಿ ಪದರವಾದ ಸ್ಕ್ಲೀರಾದ ಮೂಲಕ ಕಳಿಸಿದರೆ ಮಸೂರ ಹೀರುವ ಶಕ್ತಿಯೂ ಉಳಿಯುತ್ತದೆ, ಅದು ಕಿರಣವನ್ನು ಬಾಗಿಸುವ ತೊಂದರೆಯೂ ತಪ್ಪುತ್ತದೆ.

ಹಂತ 2: ನೀರಿನ ಅಂತರ

ಟ್ರಾನ್ಸ್‌ಡ್ಯೂಸರ್ ಕಣ್ಣನ್ನು ಮುಟ್ಟುವುದಿಲ್ಲ. ನಡುವೆ ಲವಣಜಲ ತುಂಬಿದ ಬಟ್ಟಲೋ ನೀರಿನ ಚೀಲವೋ ಇರುತ್ತದೆ. ಈ ಅಂತರವನ್ನು ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ. ಕಾರ್ನಿಯಾದಿಂದ ಮರಳಿದ ಪ್ರತಿಧ್ವನಿಯ ಒಂದು ಭಾಗ ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ತಗುಲಿ ಮತ್ತೆ ಕಾರ್ನಿಯಾಕ್ಕೆ ಹೋಗಿ ಬರುತ್ತದೆ. ಅಂತರ 4 ಮಿಲಿಮೀಟರ್ ಇದ್ದರೆ ಕಾರ್ನಿಯಾದ ಕೆಳಗೆ ಸರಿಯಾಗಿ 4 ಮಿಲಿಮೀಟರ್ ಆಳದಲ್ಲಿ ಇನ್ನೊಂದು ಕಾರ್ನಿಯಾ ಮೂಡುತ್ತದೆ, ಅದೂ ನಾವು ನೋಡಬೇಕಾದ ಜಾಗದ ನಡುವೆ. ಆದ್ದರಿಂದ ನೀರಿನ ಅಂತರ ಚಿತ್ರದ ಆಳಕ್ಕಿಂತ ಹೆಚ್ಚಿರಲೇಬೇಕು. ನಮಗೆ 6 ಮಿಲಿಮೀಟರ್ ಆಳ ಬೇಕು; 7 ಮಿಲಿಮೀಟರ್ ನೀರು ಇಡೋಣ. ಕಿರಣ ಅತ್ಯಂತ ತೆಳ್ಳಗಾಗುವ ಜಾಗ, ಅಂದರೆ ಸಂಗಮಬಿಂದು (ಫೋಕಸ್), ಕಾರ್ನಿಯಾದ ಕೆಳಗೆ 3 ಮಿಲಿಮೀಟರಿನಲ್ಲಿ ಬೀಳಬೇಕು. ಒಟ್ಟು ಸಂಗಮದೂರ 10 ಮಿಲಿಮೀಟರ್. ವಿನ್ಯಾಸದ ಮೊದಲ ಗಟ್ಟಿ ಅಂಕಿ ಸಿಕ್ಕಿತು, ಅದನ್ನು ಕೊಟ್ಟದ್ದು ಕಣ್ಣು.

ಹಂತ 3: ಆವರ್ತನ ಮತ್ತು ಮುಖದ ವ್ಯಾಸ, ಒಟ್ಟಿಗೆ

ನೀರಿನಲ್ಲಿ ಧ್ವನಿಯ ಕ್ಷಯ ಆವರ್ತನದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 20 ಡಿಗ್ರಿಯಲ್ಲಿ, 10 ಮಿಲಿಮೀಟರ್ ಹೋಗಿಬರುವ ಹಾದಿಗೆ 30 ಮೆಗಾಹರ್ಟ್ಸ್‌ನಲ್ಲಿ 4 ಡೆಸಿಬಲ್, 40ರಲ್ಲಿ 7, 60ರಲ್ಲಿ ಸುಮಾರು 16. ದೇಹದ ಉಷ್ಣಾಂಶದ ನೀರಿನಲ್ಲಿ ಇದು ಮೂರನೆಯ ಎರಡು ಭಾಗಕ್ಕೆ ಇಳಿಯುತ್ತದೆ, ಆದರೆ ಸ್ಕ್ಲೀರಾ ಮತ್ತು ಐರಿಸ್ ಹೀರುವುದನ್ನು ಇನ್ನೂ ಸೇರಿಸಿಲ್ಲ. 40 ಮೆಗಾಹರ್ಟ್ಸ್ ಇಲ್ಲಿ ಸಮಂಜಸವಾದ ರಾಜಿ. ತರಂಗಾಂತರ 38.5 ಮೈಕ್ರಾನ್. ಬ್ಯಾಂಡ್‌ವಿಡ್ತ್ (ಕಳಿಸುವ ಧ್ವನಿಯ ಸ್ಪಂದನದಲ್ಲಿ, ಅಂದರೆ ಪಲ್ಸ್‌ನಲ್ಲಿ, ಸೇರಿರುವ ಆವರ್ತನಗಳ ವ್ಯಾಪ್ತಿ) ಶೇ. 60, ಅಂದರೆ 24 ಮೆಗಾಹರ್ಟ್ಸ್ ಸಿಕ್ಕರೆ ಆಳದ ದಿಕ್ಕಿನ ಸ್ಪಷ್ಟತೆ ಸುಮಾರು 32 ಮೈಕ್ರಾನ್.

ಇನ್ನು ಮುಖದ ವ್ಯಾಸ. ಸಂಗಮದೂರವನ್ನು ವ್ಯಾಸದಿಂದ ಭಾಗಿಸಿದರೆ ಬರುವುದು ಎಫ್-ಸಂಖ್ಯೆ. ಸಂಗಮಬಿಂದುವಿನಲ್ಲಿ ಕಿರಣದ ಅಗಲ ಸರಿಸುಮಾರು ತರಂಗಾಂತರ ಗುಣಿಸು ಎಫ್-ಸಂಖ್ಯೆ. ಕಿರಣ ತೆಳ್ಳಗೆ ಉಳಿಯುವ ಉದ್ದ ಸರಿಸುಮಾರು 7 ಗುಣಿಸು ತರಂಗಾಂತರ ಗುಣಿಸು ಎಫ್-ಸಂಖ್ಯೆಯ ವರ್ಗ. ಒಂದು ಎಫ್-ಸಂಖ್ಯೆಯ ಜೊತೆ ನೇರವಾಗಿ ಏರುತ್ತದೆ, ಇನ್ನೊಂದು ಅದರ ವರ್ಗದ ಜೊತೆ. ಇಡೀ ಕಷ್ಟ ಇರುವುದು ಈ ವ್ಯತ್ಯಾಸದಲ್ಲೇ. 6 ಮಿಲಿಮೀಟರ್ ಮುಖ ಇಟ್ಟರೆ ಕಿರಣ 64 ಮೈಕ್ರಾನ್, ಕೇಳಲು ಸೊಗಸು. ಆದರೆ ಅದು ತೆಳ್ಳಗೆ ಉಳಿಯುವುದು 0.8 ಮಿಲಿಮೀಟರಿಗಿಂತ ಕಡಿಮೆ ಉದ್ದಕ್ಕೆ. ಐರಿಸ್ ಸ್ಪಷ್ಟವಾಗಿದ್ದಾಗ ಕಾರ್ನಿಯಾ ಮಸುಕು, ಸಿಲಿಯರಿ ಬಾಡಿಯೂ ಮಸುಕು. 3 ಮಿಲಿಮೀಟರ್ ಮುಖ ಇಟ್ಟರೆ ಮೂರು ಮಿಲಿಮೀಟರ್ ಉದ್ದಕ್ಕೂ ಚಿತ್ರ ಒಂದೇ ಸಮನಾಗಿರುತ್ತದೆ, ಕಿರಣ ಮಾತ್ರ 128 ಮೈಕ್ರಾನಿಗೆ ಹಿಗ್ಗುತ್ತದೆ. 4 ಮಿಲಿಮೀಟರಿನಲ್ಲಿ ಎಫ್-ಸಂಖ್ಯೆ 2.5, ಕಿರಣ 96 ಮೈಕ್ರಾನ್, ತೆಳ್ಳಗಿನ ಉದ್ದ 1.7 ಮಿಲಿಮೀಟರ್. ಇದನ್ನೇ ಆರಿಸೋಣ. ಕಾಗದದ ಮೇಲೆ ಆಕರ್ಷಕವಾಗಿ ಕಾಣುವ ಚಿಕ್ಕ ಎಫ್-ಸಂಖ್ಯೆಗೆ ಮನಸೋತರೆ ವೈದ್ಯರ ಕೈಗೆ ಸಿಗುವುದು ಒಂದೇ ಗೆರೆಯಷ್ಟು ಸ್ಪಷ್ಟವಾದ ಚಿತ್ರ.

ಎರಡೂ ಬೇಕೇ ಬೇಕು ಎನ್ನುವವರಿಗೆ ಒಂದು ದಾರಿಯಿದೆ: ಮುಖವನ್ನು ಏಕಕೇಂದ್ರೀಯ ಉಂಗುರಗಳಾಗಿ ವಿಭಜಿಸಿ, ಪ್ರತಿ ಉಂಗುರದ ಸಂಕೇತವನ್ನು ಬೇರೆ ಬೇರೆ ವಿಳಂಬದಲ್ಲಿ ಕೂಡಿಸುವುದು. ನ್ಯೂಯಾರ್ಕಿನ ರಿವರ್‌ಸೈಡ್ ರಿಸರ್ಚ್‌ನ ತಂಡ ಐದು ಉಂಗುರಗಳ 40 ಮೆಗಾಹರ್ಟ್ಸ್ ಟ್ರಾನ್ಸ್‌ಡ್ಯೂಸರನ್ನು ಹೀಗೆ ತಯಾರಿಸಿದೆ. ಐದು ಪಟ್ಟು ತಂತಿ, ಐದು ಪಟ್ಟು ಎಲೆಕ್ಟ್ರಾನಿಕ್ಸ್. ಮೊದಲ ಪ್ರಯತ್ನಕ್ಕೆ ನಾನು ಸಲಹೆ ಮಾಡುವುದಿಲ್ಲ.

ಒಂದು ಸೂಕ್ಷ್ಮ ಇಲ್ಲೇ ಹೇಳಬೇಕು. ನೀರು ಮೇಲಿನ ಆವರ್ತನಗಳನ್ನು ಹೆಚ್ಚು ಹೀರುವುದರಿಂದ, 40ರಲ್ಲಿ ಹೊರಟ ಶೇ. 60 ಬ್ಯಾಂಡ್‌ವಿಡ್ತ್‌ನ ಸ್ಪಂದನ ಈ 10 ಮಿಲಿಮೀಟರ್ ಹೋಗಿ ಮರಳುವಾಗ ಅದರ ಕೇಂದ್ರ ಸುಮಾರು 36ಕ್ಕೆ ಜಾರಿರುತ್ತದೆ. ಅಳತೆಯಲ್ಲಿ 36 ಕಂಡಾಗ ಸ್ಫಟಿಕ ದಪ್ಪವಾಯಿತೆಂದು ಗಾಬರಿಯಾಗಿ ಇನ್ನಷ್ಟು ಉಜ್ಜಲು ಹೋಗಬೇಡಿ. ಮೊದಲು ನೀರಿನ ಲೆಕ್ಕ ತೆಗೆಯಿರಿ.

ಹಂತ 4: ಸ್ಫಟಿಕದ ಆಯ್ಕೆ

ಮುಖದ ವ್ಯಾಸ ಇಲ್ಲಿ ಮತ್ತೆ ಬರುತ್ತದೆ. ಪೀಜೋ ಹಾಳೆ ಎಂದರೆ ವಿದ್ಯುತ್ತಿನ ದೃಷ್ಟಿಯಲ್ಲಿ ಒಂದು ಕೆಪಾಸಿಟರ್. ಅದರ ಪ್ರತಿರೋಧ ಎಲೆಕ್ಟ್ರಾನಿಕ್ಸಿನ 50 ಓಮ್‌ಗೆ ಹತ್ತಿರ ಇರಬೇಕು.

ಸಾಮಾನ್ಯ ಅಲ್ಟ್ರಾಸೌಂಡಿನ ರಾಜ ಪಿಝಡ್‌ಟಿ ಸೆರಾಮಿಕ್. 40 ಮೆಗಾಹರ್ಟ್ಸ್‌ಗೆ ಅರ್ಧ ತರಂಗಾಂತರದ ದಪ್ಪ ಸುಮಾರು 57 ಮೈಕ್ರಾನ್. ಇದರ 5ಎಚ್ ಬಗೆಯಲ್ಲಿ ಸಾಪೇಕ್ಷ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯದ ಅಳತೆ) ಸುಮಾರು 1,470. 4 ಮಿಲಿಮೀಟರ್ ಮುಖಕ್ಕೆ ಲೆಕ್ಕ ಹಾಕಿದರೆ ಸುಮಾರು 2.9 ನ್ಯಾನೋಫ್ಯಾರಡ್, 40 ಮೆಗಾಹರ್ಟ್ಸ್‌ನಲ್ಲಿ ಬರಿಯ 1.4 ಓಮ್. ಇದಕ್ಕೆ 50 ಓಮ್‌ನ ಪಲ್ಸರ್ (ವಿದ್ಯುತ್ ಸ್ಪಂದನ ಕೊಡುವ ಉಪಕರಣ) ಜೋಡಿಸಿದರೆ ಶಕ್ತಿಯ ಬಹುಪಾಲು ಸ್ಫಟಿಕವನ್ನು ತಲಪುವುದೇ ಇಲ್ಲ.

ಈಗ ಲಿಥಿಯಂ ನಯೋಬೇಟ್, 36 ಡಿಗ್ರಿ ತಿರುಗಿಸಿದ ವೈ-ಕಟ್, ಅಂದರೆ ಆ ಕೋನದಲ್ಲಿ ಕತ್ತರಿಸಿದ ಸ್ಫಟಿಕ. ಅದರೊಳಗೆ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 7,340 ಮೀಟರ್, ಆದ್ದರಿಂದ ಅರ್ಧ ತರಂಗಾಂತರ 92 ಮೈಕ್ರಾನ್. ಉಜ್ಜುವವರಿಗೆ ಈ ಹೆಚ್ಚುವರಿ 35 ಮೈಕ್ರಾನ್ ದೊಡ್ಡ ಉಪಕಾರ. ಡೈಎಲೆಕ್ಟ್ರಿಕ್ ಸ್ಥಿರಾಂಕ ಬರಿಯ 39. ಅದೇ 4 ಮಿಲಿಮೀಟರ್ ಮುಖಕ್ಕೆ 47 ಪಿಕೋಫ್ಯಾರಡ್, 84 ಓಮ್. ವಿದ್ಯುತ್ತನ್ನು ಕಂಪನವಾಗಿಸುವ ಜೋಡಣಾಂಕ 0.49, ಪಿಝಡ್‌ಟಿಗೆ ಸರಿಸಮ. ಸೀಸವಿಲ್ಲ, 1,100 ಡಿಗ್ರಿಯವರೆಗೂ ಧ್ರುವೀಕರಣ ಕಳೆದುಕೊಳ್ಳುವುದಿಲ್ಲ. ದೊಡ್ಡ ಮುಖದ ಒಂಟಿ ತುಣುಕಿಗೆ ನನ್ನ ಮತ ಇದಕ್ಕೇ. ರೆಟಿನಾಕ್ಕೆಂದು 20 ಮೆಗಾಹರ್ಟ್ಸ್‌ನಲ್ಲಿ 10 ಮಿಲಿಮೀಟರ್ ಮುಖ ಇಟ್ಟರೂ ಇದೇ ಸ್ಫಟಿಕ 54 ಓಮ್ ತೋರಿಸುತ್ತದೆ.

ಮುಖ ಚಿಕ್ಕದಾದರೆ ತೀರ್ಪು ತಿರುಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿನೊಳಗೆ ತೂರಿಸುವ ಸೂಜಿಯಂಥ ಟ್ರಾನ್ಸ್‌ಡ್ಯೂಸರಿನಲ್ಲಿ ತುಣುಕು ಅರ್ಧ ಮಿಲಿಮೀಟರಿನಷ್ಟೇ ಇರಬಹುದು. ಅಲ್ಲಿ ನಯೋಬೇಟ್‌ನ ಪ್ರತಿರೋಧ ಸಾವಿರಾರು ಓಮ್‌ಗೆ ಏರುತ್ತದೆ. ಡೈಎಲೆಕ್ಟ್ರಿಕ್ ಸ್ಥಿರಾಂಕ ಹೆಚ್ಚಿರುವ ಪಿಎಂಎನ್-ಪಿಟಿ ಏಕಸ್ಫಟಿಕ ಅಲ್ಲಿಗೆ ಸರಿ. ಅದರ ಸ್ಫಟಿಕ ರಚನೆ 100 ಡಿಗ್ರಿಗಿಂತ ಕೆಳಗೇ ಬದಲಾಗುವುದರಿಂದ ಎಪಾಕ್ಸಿಯನ್ನು ಬಿಸಿ ಮಾಡಿ ಗಟ್ಟಿಗೊಳಿಸುವಾಗ ಕೈ ಬಿಗಿಹಿಡಿಯಬೇಕು. ಪಿವಿಡಿಎಫ್ ಪ್ಲಾಸ್ಟಿಕ್ ಹಾಳೆ ನೀರಿಗೆ ತಾನಾಗಿ ಹೊಂದಿಕೊಳ್ಳುತ್ತದೆ, ಬೇಕಾದಂತೆ ಬಾಗುತ್ತದೆ, ಬ್ಯಾಂಡ್‌ವಿಡ್ತ್ ಧಾರಾಳ. ಆದರೆ ಸಂಕೇತ ಕ್ಷೀಣ.

ಹಂತ 5: ಮುಂದಿನ ಪದರ, ಹಿಂದಿನ ಪದರ

ಸ್ಫಟಿಕದ ಧ್ವನಿ ಇಂಪೀಡೆನ್ಸ್ (ಧ್ವನಿಗೆ ಒಡ್ಡುವ ತಡೆ; ಅದರ ಮಾನ ಮೆಗಾರೇಲ್) ಸುಮಾರು 34 ಮೆಗಾರೇಲ್, ನೀರಿನದು 1.5. ನೇರವಾಗಿ ಎದುರಾದರೆ ಹೆಚ್ಚಿನ ಶಕ್ತಿ ಒಳಗೇ ಪುಟಿದಾಡುತ್ತದೆ, ಸ್ಪಂದನ ಉದ್ದವಾಗುತ್ತದೆ. ನಡುವೆ ಕಾಲು ತರಂಗಾಂತರದ ಎರಡು ಪದರಗಳು ಬೇಕು. ಪ್ರಚಲಿತ ಸೂತ್ರದಂತೆ ಮೊದಲನೆಯದು 8.9, ಎರಡನೆಯದು 2.3 ಮೆಗಾರೇಲ್ ಆಸುಪಾಸು ಇರಬೇಕು. 2-3 ಮೈಕ್ರಾನ್ ಬೆಳ್ಳಿಯ ಕಣಗಳನ್ನು ಎಪಾಕ್ಸಿಯಲ್ಲಿ ಕಲಸಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಸುಮಾರು 7.3 ಸಿಗುತ್ತದೆ, ಪ್ಯಾರಿಲೀನ್ ಎಂಬ ಪ್ಲಾಸ್ಟಿಕ್ ಲೇಪದಲ್ಲಿ ಸುಮಾರು 2.6. ಎರಡೂ ಸೂತ್ರದ ಅಂಕಿಗಳಲ್ಲ, ಆದರೂ ಸಾಕಷ್ಟು ಹತ್ತಿರ. 40 ಮೆಗಾಹರ್ಟ್ಸ್‌ಗೆ ಬೆಳ್ಳಿ ಎಪಾಕ್ಸಿ 12 ಮೈಕ್ರಾನ್, ಪ್ಯಾರಿಲೀನ್ 15 ಮೈಕ್ರಾನ್ ದಪ್ಪ. ಪ್ಯಾರಿಲೀನ್ ಆವಿಯಾಗಿ ಬಂದು ಕೂರುವುದರಿಂದ ಬಾಗಿದ ಮುಖದ ಮೇಲೂ ಒಂದೇ ದಪ್ಪದಲ್ಲಿ ಹರಡುತ್ತದೆ, ನೀರು ಒಳನುಗ್ಗದಂತೆಯೂ ತಡೆಯುತ್ತದೆ.

ಹಿಂದಿನ ಪದರದ ಕೆಲಸ ಬಾರಿಸಿದ ಗಂಟೆಯ ಮೇಲೆ ಕೈ ಇಟ್ಟಂತೆ: ಕಂಪನವನ್ನು ಬೇಗ ನಿಲ್ಲಿಸುವುದು. ವಿದ್ಯುತ್ ಹರಿಸುವ ಬೆಳ್ಳಿ ಎಪಾಕ್ಸಿ, ಸುಮಾರು 5.9 ಮೆಗಾರೇಲ್‌ನದು, ಇಲ್ಲಿ ಒಗ್ಗಿಹೋದ ಆಯ್ಕೆ; ಹಿಂಬದಿಯ ವಿದ್ಯುತ್ ಸಂಪರ್ಕವೂ ಅದರಿಂದಲೇ ಆಗುತ್ತದೆ. ಇದಕ್ಕಿಂತ ಭಾರವಾದ ಬೆಂಬಲ ಕೊಟ್ಟರೆ ಬ್ಯಾಂಡ್‌ವಿಡ್ತ್ ಹಿಗ್ಗುತ್ತದೆ, ಸಂಕೇತ ಕುಗ್ಗುತ್ತದೆ.

ಈ ಅಂಕಿಗಳನ್ನೆಲ್ಲ ಕೆಎಲ್‌ಎಂ ಎಂಬ ಟ್ರಾನ್ಸ್‌ಡ್ಯೂಸರ್ ಗಣಿತ ಮಾದರಿಯಲ್ಲಿ ಹಾಕಿ ಓಡಿಸಿದ ಮೇಲೆಯೇ ಉಜ್ಜುಗಲ್ಲಿಗೆ ಕೈ ಹಾಕಿ. ಪದರಗಳನ್ನು ಅಂಟಿಸಿದ ನಂತರ ಕೇಂದ್ರ ಆವರ್ತನ ಅರ್ಧ ತರಂಗಾಂತರದ ಲೆಕ್ಕಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಸ್ಫಟಿಕವನ್ನು 92ಕ್ಕಿಂತ ಎಷ್ಟು ತೆಳ್ಳಗೆ ಮಾಡಬೇಕೆಂದು ಮಾದರಿ ಹೇಳುತ್ತದೆ.

ಹಂತ 6: ಕಟ್ಟುವ ಕ್ರಮ

ಸ್ಫಟಿಕದ ಬಿಲ್ಲೆಯ ಒಂದು ಬದಿಯನ್ನು ಉಜ್ಜಿ ನಯಗೊಳಿಸಿ, ತೆಳುವಾದ ಕ್ರೋಮಿಯಂ ಮತ್ತು ಚಿನ್ನ ಲೇಪಿಸಿ. ಕ್ರೋಮಿಯಂ ಇಲ್ಲದೆ ಚಿನ್ನ ಹಿಡಿದುಕೊಳ್ಳುವುದಿಲ್ಲ. ಅದರ ಮೇಲೆ ಬೆಳ್ಳಿ ಎಪಾಕ್ಸಿ ಸುರಿದು, ಸೆಂಟ್ರಿಫ್ಯೂಜ್ ಮಾಡಿ, ಗಟ್ಟಿಯಾದ ಮೇಲೆ 12 ಮೈಕ್ರಾನಿಗೆ ಉಜ್ಜಿ. ಮಗುಚಿ ಮೇಣದಿಂದ ಗಾಜಿಗೆ ಅಂಟಿಸಿ, ಸ್ಫಟಿಕವನ್ನು ಅಂತಿಮ ದಪ್ಪಕ್ಕೆ ಇಳಿಸಿ. ಮೇಣದ ಪದರ ಓರೆಯಾಗಿದ್ದರೆ ಸ್ಫಟಿಕವೂ ಓರೆಯಾಗುತ್ತದೆ. ಅಂಚಿನಿಂದ ಅಂಚಿಗೆ 5 ಮೈಕ್ರಾನ್ ವ್ಯತ್ಯಾಸ ಬಂದರೂ 90ರಲ್ಲಿ ಅದು ಶೇ. 5ಕ್ಕಿಂತ ಹೆಚ್ಚು, ಅನುರಣನ ಅಷ್ಟು ಚದುರುತ್ತದೆ. ಹಾಗಾಗಿ ನಾಲ್ಕು ಕಡೆ ಅಳೆದು ಮುಂದುವರಿಯಿರಿ. ಈ ಬದಿಗೂ ಕ್ರೋಮಿಯಂ-ಚಿನ್ನ ಹಾಕಿ, ಹಿಂದಿನ ಎಪಾಕ್ಸಿ ಸುರಿದು, ಗಟ್ಟಿಯಾದ ಮೇಲೆ ಲೇತ್‌ನಲ್ಲಿ 4 ಮಿಲಿಮೀಟರ್ ವ್ಯಾಸಕ್ಕೆ ತಿರುಗಿಸಿ ಹಿತ್ತಾಳೆಯ ಕವಚದೊಳಗೆ ಕೂರಿಸಿ. ತುಣುಕು ಮತ್ತು ಕವಚದ ನಡುವೆ ವಿದ್ಯುತ್ ಹರಿಸದ ಎಪಾಕ್ಸಿ ತುಂಬಬೇಕು.

ಸಂಗಮಕ್ಕಾಗಿ ಮುಂದೆ ಮಸೂರ ಇಡುವುದುಂಟು. ಆದರೆ ಸಿಲಿಕೋನ್‌ನಂಥ ಮಸೂರಗಳು 40 ಮೆಗಾಹರ್ಟ್ಸ್ ಧ್ವನಿಯನ್ನು ಹೇರಳವಾಗಿ ಹೀರುತ್ತವೆ. ಇನ್ನೊಂದು ದಾರಿ, ಮುಖವನ್ನೇ ಬಟ್ಟಲಾಗಿಸುವುದು: ಎಪಾಕ್ಸಿ ಮೆದುವಾಗುವಷ್ಟು ಬಿಸಿ ಮಾಡಿ, ನುಣುಪಾದ 20 ಮಿಲಿಮೀಟರ್ ವ್ಯಾಸದ ಉಕ್ಕಿನ ಗೋಲಿಯನ್ನು ಮುಖಕ್ಕೆ ನಿಧಾನವಾಗಿ ಒತ್ತಿ, ಒತ್ತಿದಂತೆಯೇ ತಣಿಯಲು ಬಿಡುವುದು. ಬಟ್ಟಲಿನ ಆಳ 0.2 ಮಿಲಿಮೀಟರ್ ಮಾತ್ರ. ಕಣ್ಣಿಗೆ ಕಾಣುವುದೇ ಕಷ್ಟ, ಆದರೂ ಸ್ಫಟಿಕದ ಮೇಲ್ಮೈಯಲ್ಲಿ ಉಂಟಾಗುವ ಎಳೆತ ಸುಮಾರು ಶೇ. 0.45, ಬಿರುಸಾದ ಏಕಸ್ಫಟಿಕಕ್ಕೆ ಇದು ಸಣ್ಣ ಮಾತಲ್ಲ. ಕೂದಲೆಳೆಯ ಬಿರುಕುಗಳು ಬರಬಹುದು. ಹಿಂದಿನ ಎಪಾಕ್ಸಿ ಚೂರುಗಳನ್ನು ಹಿಡಿದಿಟ್ಟುಕೊಂಡು ಚಿನ್ನದ ಲೇಪ ಕಡಿಯದೆ ಉಳಿದರೆ ಟ್ರಾನ್ಸ್‌ಡ್ಯೂಸರ್ ಕೆಲಸ ಮಾಡುತ್ತದೆ. ಒತ್ತುವ ಮೊದಲು ಮತ್ತು ನಂತರ ಕೆಪಾಸಿಟೆನ್ಸ್ ಅಳೆಯಿರಿ. 47 ಇದ್ದದ್ದು 30 ಪಿಕೋಫ್ಯಾರಡ್‌ಗೆ ಇಳಿದಿದ್ದರೆ ಮುಖದ ಮೂರನೆಯ ಒಂದು ಭಾಗ ಸಂಪರ್ಕ ಕಳೆದುಕೊಂಡಿದೆ ಎಂದರ್ಥ. ಕೊನೆಗೆ ಮುಖ ಮತ್ತು ಕವಚವನ್ನು ಒಟ್ಟಿಗೆ ಚಿನ್ನದಿಂದ ಲೇಪಿಸಿದರೆ ಭೂಸಂಪರ್ಕ ಆಯಿತು. ಅದರ ಮೇಲೆ ಪ್ಯಾರಿಲೀನ್.

ಹಂತ 7: ತಂತಿ

ಈ ಹಂತವನ್ನು ವಿನ್ಯಾಸದ ಭಾಗವೆಂದು ಅನೇಕರು ಎಣಿಸುವುದೇ ಇಲ್ಲ. 50 ಓಮ್ ಕೋಆಕ್ಸಿಯಲ್ ತಂತಿಯ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್, ಅಂದರೆ ಸ್ಫಟಿಕದ ಎರಡು ಪಟ್ಟು. ಮೇಲಾಗಿ 40 ಮೆಗಾಹರ್ಟ್ಸ್ ಸಂಕೇತದ ತರಂಗಾಂತರ ತಂತಿಯೊಳಗೆ ಸುಮಾರು 5 ಮೀಟರ್, 1.25 ಮೀಟರ್ ತಂತಿ ಎಂದರೆ ಕಾಲು ತರಂಗಾಂತರ. ಅಷ್ಟುದ್ದದ ತಂತಿ ತಾನೇ ಒಂದು ಇಂಪೀಡೆನ್ಸ್ ಪರಿವರ್ತಕ. ಆದ್ದರಿಂದ ಹೊಂದಾಣಿಕೆಯ ಇಂಡಕ್ಟರನ್ನು ಅಂತಿಮ ತಂತಿಯನ್ನು ಜೋಡಿಸಿದ ಮೇಲೆಯೇ ಆರಿಸಿ, ಆಮೇಲೆ ಉದ್ದ ಬದಲಿಸಬೇಡಿ. ಪ್ರತಿಧ್ವನಿಯನ್ನು ಡಿಜಿಟಲ್ ಆಗಿಸುವಾಗ ಸೆಕೆಂಡಿಗೆ ಕನಿಷ್ಠ 20 ಕೋಟಿ ಮಾದರಿಗಳಾದರೂ ಇರಲಿ.

ಹಂತ 8: ಅಳತೆ

ಮೊದಲು ನಯವಾದ ಕ್ವಾರ್ಟ್ಜ್ ಬಿಲ್ಲೆಯನ್ನು ಸಂಗಮಬಿಂದುವಿನಲ್ಲಿಟ್ಟು ಪ್ರತಿಧ್ವನಿ ಪಡೆಯಿರಿ. ಕೇಂದ್ರ ಆವರ್ತನ, 6 ಡೆಸಿಬಲ್ ಕೆಳಗಿನ ಬ್ಯಾಂಡ್‌ವಿಡ್ತ್, ಒಟ್ಟು ನಷ್ಟ ಇದರಿಂದ ಸಿಗುತ್ತವೆ. ನಷ್ಟದ ಲೆಕ್ಕದಲ್ಲಿ ನೀರಿನ ಕ್ಷಯವನ್ನೂ ಕ್ವಾರ್ಟ್ಜ್ ಪೂರ್ತಿ ಪ್ರತಿಫಲಿಸದಿರುವ 1.9 ಡೆಸಿಬಲನ್ನೂ ಕಳೆಯುವುದು ರೂಢಿ. ನಂತರ 20 ಮೈಕ್ರಾನ್ ಟಂಗ್‌ಸ್ಟನ್ ತಂತಿಗಳನ್ನು ಬೇರೆ ಬೇರೆ ಆಳದಲ್ಲಿ ಕಟ್ಟಿ ಚಿತ್ರ ತೆಗೆಯಿರಿ. ಸಂಗಮಬಿಂದುವಿನ ತಂತಿ ಚುಕ್ಕೆಯಂತೆ ಕಂಡರೆ ಸಂತೋಷ, ಆದರೆ ನೋಡಬೇಕಾದದ್ದು ಅದರ ಮೇಲೂ ಕೆಳಗೂ 1 ಮಿಲಿಮೀಟರಿನಲ್ಲಿರುವ ತಂತಿಗಳನ್ನು. ಅಲ್ಲಿ ಚುಕ್ಕೆ ಹೇಗೆ ಹಿಗ್ಗುತ್ತದೆ ಎಂಬುದು ಸಿಲಿಯರಿ ಬಾಡಿಯ ಚಿತ್ರ ಹೇಗಿರುತ್ತದೆಂದು ಮುಂಚಿತವಾಗಿ ಹೇಳುತ್ತದೆ.

ಹಂತ 9: ಸುರಕ್ಷತೆ

ಕಣ್ಣಿಗೆ ಮಿತಿಗಳು ಬೇರೆ ಅಂಗಗಳಿಗಿಂತ ಬಹಳ ಬಿಗಿ. ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಮಾರ್ಗಸೂಚಿಯಲ್ಲಿ ಸರಾಸರಿ ತೀವ್ರತೆ ಚದರ ಸೆಂಟಿಮೀಟರಿಗೆ 50 ಮಿಲಿವ್ಯಾಟ್, ಮೆಕ್ಯಾನಿಕಲ್ ಇಂಡೆಕ್ಸ್ (ಒತ್ತಡದಿಂದಾಗುವ ಹಾನಿಯ ಸೂಚಿ) 0.23, ಥರ್ಮಲ್ ಇಂಡೆಕ್ಸ್ (ಬಿಸಿಯಾಗುವಿಕೆಯ ಸೂಚಿ) 1. 40 ಮೆಗಾಹರ್ಟ್ಸ್‌ನಲ್ಲಿ 0.23 ಎಂದರೆ ಋಣ ಒತ್ತಡದ ಗರಿಷ್ಠ ಪ್ರಮಾಣ ಸುಮಾರು 1.45 ಮೆಗಾಪ್ಯಾಸ್ಕಲ್. ನೀರಿನೊಳಗೆ ಧ್ವನಿಯ ಒತ್ತಡವನ್ನು ಅಳೆಯುವ ಹೈಡ್ರೋಫೋನಿನ ಸಂವೇದಿ ತುದಿ ಕಿರಣಕ್ಕಿಂತ ಚಿಕ್ಕದಿರಬೇಕು. 96 ಮೈಕ್ರಾನಿನ ಕಿರಣವನ್ನು 200 ಮೈಕ್ರಾನಿನ ತುದಿಯಿಂದ ಅಳೆದರೆ ಶಿಖರ ಸವೆದು ಸುರಕ್ಷಿತವೆಂಬ ಭ್ರಮೆ ಹುಟ್ಟುತ್ತದೆ. 40 ಮೈಕ್ರಾನಿನ ಸೂಜಿ ಹೈಡ್ರೋಫೋನುಗಳು ಸಿಗುತ್ತವೆ.

ಇನ್ನೊಂದು ಜಾಗ್ರತೆ. ಈ ಮಿತಿಗಳನ್ನು ಹೋಲಿಸುವಾಗ ಅಳೆದ ಮೌಲ್ಯದಿಂದ ಸೆಂಟಿಮೀಟರಿಗೆ, ಮೆಗಾಹರ್ಟ್ಸ್‌ಗೆ 0.3 ಡೆಸಿಬಲ್ ಕಳೆಯುವ ಪದ್ಧತಿಯಿದೆ. ನಮ್ಮ 1 ಸೆಂಟಿಮೀಟರ್ ಹಾದಿಗೆ ಅದು 12 ಡೆಸಿಬಲ್, ಅಂದರೆ ತೀವ್ರತೆ ಹದಿನಾರನೆಯ ಒಂದು ಭಾಗ ಎಂದು ಕಾಗದದ ಮೇಲೆ ಬರುತ್ತದೆ. ಆದರೆ ಹಾದಿಯ ಬಹುಪಾಲು ನೀರು. ಅಲ್ಲಿ ನಿಜವಾದ ನಷ್ಟ 3.5 ಡೆಸಿಬಲ್‌ಗಿಂತ ಹೆಚ್ಚಿಲ್ಲ. ನಿಯಮದ ಅಂಕಿಯನ್ನು ಬರೆಯುವುದರ ಜೊತೆಗೆ ಕಡಿತವಿಲ್ಲದ ಅಂಕಿಯನ್ನೂ ನೋಡಿ, ಅದೂ ಮಿತಿಯೊಳಗೆ ಬರುವಂತೆ ಪಲ್ಸರಿನ ವೋಲ್ಟೇಜನ್ನು ಇಳಿಸುವುದು ನನ್ನ ದೃಷ್ಟಿಯಲ್ಲಿ ಪ್ರಾಮಾಣಿಕ ಕ್ರಮ.

ಒಂಟಿ ತುಣುಕನ್ನು ಮೋಟಾರ್ ಆಚೀಚೆ ಓಡಿಸುತ್ತಿರುವುದರಿಂದ ಶಕ್ತಿ ಅಗಲಕ್ಕೆ ಹಂಚಿಹೋಗುತ್ತದೆ. ಮೋಟಾರ್ ಕೆಟ್ಟು ನಿಂತರೆ ಅಷ್ಟೂ ಸ್ಪಂದನಗಳು ಮಸೂರದ ಒಂದೇ ಬಿಂದುವಿನ ಮೇಲೆ ಬೀಳುತ್ತವೆ. ಚಲನೆಯ ಸಂವೇದಕದಿಂದ ಸಂಕೇತ ಬರುತ್ತಿದ್ದರೆ ಮಾತ್ರ ಪಲ್ಸರ್ ಹಾರಿಸುವಂತೆ, ತಂತ್ರಾಂಶದಲ್ಲಲ್ಲ, ವಿದ್ಯುನ್ಮಂಡಲದಲ್ಲೇ ಬೀಗ ಹಾಕಿಡಿ. ಹೈಡ್ರೋಫೋನಿನ ಮುಂದೆ ಮೋಟಾರಿನ ತಂತಿಯನ್ನು ಕಿತ್ತು, ಸ್ಪಂದನಗಳು ನಿಲ್ಲುತ್ತವೆಯೇ ಎಂದು ಪರೀಕ್ಷಿಸಿದ ನಂತರವೇ ಟ್ರಾನ್ಸ್‌ಡ್ಯೂಸರನ್ನು ಕಣ್ಣಿನ ಬಳಿಗೆ ಒಯ್ಯಿರಿ.